ಕಥೆಗಳು ಮನೆ ಕಟ್ಟಿಕೊಂಡ ಊರು

ಸ್ವೀಡನ್ ದೇಶದ ತೆಂಕಣ ಭಾಗದಲ್ಲಿ ಸ್ಮೋಲಾಂಡ್ ಎಂಬ ಸೀಮೆಯೊಂದುಂಟು. ನೆಲವೆಲ್ಲ ಕಲ್ಲು, ಕಲ್ಲಿಲ್ಲದೆಡೆ ಕಾಡು, ಕಾಡಿಲ್ಲದೆಡೆ ಕೆರೆ. ಅಲ್ಲಿನ ಒಕ್ಕಲಿಗರು ಹೊಲದಿಂದ ಆರಿಸಿ ತೆಗೆದ ಕಲ್ಲುಗಳನ್ನೇ ಪೇರಿಸಿ ಬೇಲಿ ಮಾಡಿಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಬೇಲಿಗಳನ್ನೂ ಬಿಟ್ಟು ಸಾವಿರಾರು ಮಂದಿ ಅಮೆರಿಕೆಗೆ ವಲಸೆ ಹೋದರು. ಇಂಥ ಬಡ ನೆಲದಲ್ಲಿ, ವಿಮ್ಮರ್ಬಿ ಎಂಬ ಸಣ್ಣ ಪಟ್ಟಣದ ಅಂಚಿಗಿರುವ ನೇಸ್ ಎಂಬ ಒಕ್ಕಲುಮನೆಯಲ್ಲಿ, 1907ನೆಯ ಇಸವಿ ನವೆಂಬರ್ 14ರಂದು ಒಂದು ಹೆಣ್ಣುಮಗು ಹುಟ್ಟಿತು. ತಂದೆ ಚರ್ಚಿನ ಜಮೀನನ್ನು ಗೇಣಿಗೆ ಮಾಡುತ್ತಿದ್ದ ರೈತ. ಆ ಮಗುವೇ ಮುಂದೆ ಆಸ್ಟ್ರಿಡ್ ಲಿಂಡ್‌ಗ್ರೆನ್ ಎಂಬ ಹೆಸರಿನಿಂದ ಲೋಕಕ್ಕೆಲ್ಲ ಪರಿಚಿತಳಾದಳು. ಆಕೆಯ ಕಥೆಗಳು ನೂರಕ್ಕೂ ಮೇಲ್ಪಟ್ಟ ಭಾಷೆಗಳಿಗೆ ಹೋಗಿವೆ. ಆ ಕಥೆಗಳಲ್ಲಿ ಬರುವ ಮನೆ, ಕೊಟ್ಟಿಗೆ, ಕೋಟೆ, ಕಣಿವೆಗಳನ್ನೆಲ್ಲ ಅದೇ ವಿಮ್ಮರ್ಬಿಯ ಮಗ್ಗುಲಲ್ಲಿ ಮಕ್ಕಳು ಹೊಕ್ಕು ಆಡುವಂತೆ ನಿಜವಾಗಿ ಕಟ್ಟಿಟ್ಟಿದ್ದಾರೆ. ಅದಕ್ಕೆ ‘ಆಸ್ಟ್ರಿಡ್ ಲಿಂಡ್‌ಗ್ರೆನ್ನರ ಲೋಕ’ವೆಂದೇ ಹೆಸರು.

ಈ ಲೋಕ ಸರ್ಕಾರದಿಂದ ಹುಟ್ಟಿದುದಲ್ಲ. 1981ರಲ್ಲಿ ಆ ಊರಿನ ಮೂರು ಕುಟುಂಬದವರು ಕೂಡಿ ಕಥೆಯಲ್ಲಿನ ಮನೆಗಳನ್ನು ನಿಜದ ಅಳತೆಯ ಮೂರರಲ್ಲೊಂದು ಪಾಲಿಗೆ ಇಳಿಸಿ ಕಟ್ಟತೊಡಗಿದರು. ಅದೇ ಬೆಳೆದು ಬೆಳೆದು ಈಗ ಬೇಸಗೆಯ ಕೆಲವೇ ತಿಂಗಳುಗಳಲ್ಲಿ ಲಕ್ಷಗಟ್ಟಲೆ ಜನ ಬರುವ ಸ್ಥಳವಾಗಿದೆ. ನಮ್ಮಲ್ಲಿಯೂ ಇಂಥ ಆಸೆ ಇಲ್ಲದಿಲ್ಲ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡದಲ್ಲಿ 2020ರಲ್ಲಿ ‘ಮಾಲ್ಗುಡಿ’ಯ ವಸ್ತುಸಂಗ್ರಹಾಲಯವನ್ನು ಏರ್ಪಡಿಸಿದರಷ್ಟೆ. ಇಲ್ಲದ ಊರಿನ ನಿಲ್ದಾಣದಲ್ಲಿ ಇಳಿಯಬೇಕೆಂಬ ಹಂಬಲ ಎಲ್ಲ ದೇಶದವರಿಗೂ ಒಂದೇ ಇರಬೇಕು.

ನನ್ನ ಮಗಳೂ ಅಳಿಯಂದಿರೂ ಆ ದೇಶದ ಲಿನ್ಶೋಪಿಂಗ್ ನಗರದಲ್ಲಿ ಕೆಲಸದಲ್ಲಿದ್ದಾರೆ. ಅವರಿಗೆ ಎಂಟು ವರ್ಷದ ಒಬ್ಬಳೇ ಮಗಳು. ನಾವೆಲ್ಲ ಪುಟ್ಟಿಯೆಂದು ಕರೆಯುತ್ತೇವೆ. ನನ್ನ ಯಜಮಾನರು ಕಳೆದ ಮಾಘಮಾಸದಲ್ಲಿ ಮೈಸೂರಿನ ನಮ್ಮ ಮನೆಯಲ್ಲಿ ತೀರಿಕೊಂಡರು. ವರ್ಷಾಂತಿಕಕ್ಕೆ ಮೊದಲು ಸ್ವಲ್ಪ ಕಾಲ ನಮ್ಮೊಡನೆ ಇದ್ದು ಹೋಗೆಂದು ಮಗಳು ಕರೆಸಿಕೊಂಡಳು. ಹೋದೆ. ಮನೆ ಚೆನ್ನಾಗಿತ್ತು, ಉಪಚಾರ ಚೆನ್ನಾಗಿತ್ತು. ಆದರೆ ಒಂದು ಕಟ್ಟಳೆ ಇತ್ತು: ಪುಟ್ಟಿಯ ಮುಂದೆ ತಾತನ ಮಾತೆತ್ತಕೂಡದು.

ಇದರ ಹಿನ್ನೆಲೆಯನ್ನು ವಾಚಕರಿಗೆ ಹೇಳಬೇಕು. ಯಜಮಾನರು ಐದು ವರ್ಷ ಕಾಲ, ಭಾನುವಾರವೆನ್ನದೆ ಹಬ್ಬವೆನ್ನದೆ, ರಾತ್ರಿ ದೂರವಾಣಿಯ ಪರದೆಯ ಮುಂದೆ ಕುಳಿತು ಆ ಮಗುವಿಗೆ ಕಥೆ ಹೇಳುತ್ತಿದ್ದರು. ನಮ್ಮಲ್ಲಿ ರಾತ್ರಿ ಹನ್ನೊಂದಾದಾಗ ಅಲ್ಲಿ ಮಲಗುವ ವೇಳೆ. ಮಗು ಕನ್ನಡ ಕಲಿತದ್ದು ಬಹುಮಟ್ಟಿಗೆ ಆ ಕಥೆಗಳಿಂದಲೇ. ಅವರು ಹೋದಾಗ ಮಗಳು ಒಬ್ಬಳೇ ಬಂದು ಹೋದಳು; ಮಗುವಿಗೆ, ‘ತಾತ ದೂರದ ಊರಿಗೆ ಹೋಗಿದ್ದಾರೆ, ಅಲ್ಲಿಂದ ಮಾತಾಡಲು ಆಗುವುದಿಲ್ಲ’ ಎಂದು ಹೇಳಿದ್ದರು. ಮಗು ಎರಡು ದಿನ ಕೇಳಿತು, ಮೂರನೆಯ ದಿನದಿಂದ ಕೇಳಲಿಲ್ಲ. ಕೇಳದಿದ್ದುದನ್ನು ಕಂಡು ಮಗಳೂ ಅಳಿಯಂದಿರೂ ಸಮಾಧಾನಪಟ್ಟುಕೊಂಡಿದ್ದರು. ನನಗೆ ಅದೇ ದಿಗಿಲಿಗೆ ಕಾರಣವಾಯಿತು. ನಾನು ರಾತ್ರಿ ಹಾಸಿಗೆಯ ಬಳಿ ಕುಳಿತು, ‘ಕಥೆ ಹೇಳಲೇ?’ ಎಂದರೆ, ‘ಬೇಡ ಅಜ್ಜಿ, ನಿದ್ದೆ ಬರುತ್ತೆ’ ಎಂದು ಗೋಡೆಯ ಕಡೆ ತಿರುಗಿ ಮಲಗುವಳು, ನಿದ್ದೆಯೇನೂ ಬಂದಿರುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದರೆ ಸ್ವೀಡಿಷಿನಲ್ಲಿ ಉತ್ತರ. ಒಂದು ಮಾತೃಭಾಷೆ ಮಗುವಿನ ಬಾಯಿಂದ ಹೀಗೆ ದಿನಕ್ಕಿಷ್ಟು ಜಾರಿಹೋಗುವುದನ್ನು ಎದುರಿಗೆ ಕುಳಿತು ನೋಡುವುದು ಸುಲಭದ ಮಾತಲ್ಲ. ಆದರೂ ಮನೆ ಅವರದು, ಮಗು ಅವರದು. ನಾನು ಕಟ್ಟಳೆಯನ್ನು ಮೀರಲಿಲ್ಲ.

ಜುಲೈ ತಿಂಗಳಲ್ಲಿ ಶಾಲೆಗೆ ರಜೆಯಿದ್ದಾಗ ಮಗಳು ವಿಮ್ಮರ್ಬಿಗೆ ಹೋಗಿಬರೋಣವೆಂದಳು. ಅಳಿಯಂದಿರಿಗೆ ಕಚೇರಿ, ನಾವು ಮೂವರೇ ಹೊರಟೆವು. ಕಾಲ್ಮಾರಿನ ಕಡೆಗೆ ಹೋಗುವ ಚಿಕ್ಕ ರೈಲು. ಸುಮಾರು ಒಂದೂವರೆ ಗಂಟೆಯ ಪಯಣ. ದಾರಿಯುದ್ದಕ್ಕೂ ದೇವದಾರು, ಭೂರ್ಜವೃಕ್ಷ, ನಡುನಡುವೆ ಕೆಮ್ಮಣ್ಣಿನ ಬಣ್ಣದ ಮರದ ಮನೆಗಳು. ಫಾಲೂನ್ ಎಂಬಲ್ಲಿನ ತಾಮ್ರದ ಗಣಿಯ ಕಲ್ಲುಪುಡಿಯಿಂದ ಆ ಬಣ್ಣವನ್ನು ಮಾಡುವರಂತೆ. ಮರ ಹಾಳಾಗದಂತೆ ಅದು ಕಾಯುತ್ತದೆ. ನಮ್ಮ ಹಳ್ಳಿಗೋಡೆಗಳ ಕೆಮ್ಮಣ್ಣಿನ ಸಾರಣೆ ನೆನಪಿಗೆ ಬಂದು ನನಗೆ ಆ ಮನೆಗಳು ಪರದೇಶದವೆನಿಸಲಿಲ್ಲ. ಬುತ್ತಿಗೆ ಚಿತ್ರಾನ್ನವನ್ನೂ ಮೊಸರನ್ನವನ್ನೂ ಕಟ್ಟಿಕೊಂಡಿದ್ದೆವು. ಅಲ್ಲಿ ಸಿಗುವುದೇನು? ತೆಳ್ಳನೆಯ ಹಿಟ್ಟಿನ ದೋಸೆಗೆ ಹಣ್ಣಿನ ಪಾಕ ಸುರಿದು ಕೊಡುತ್ತಾರೆ. ಮಕ್ಕಳಿಗೆ ಅದು ಪ್ರಾಣ. ಮೊಟ್ಟೆ ಬೆರೆಸಿರುವರಾದುದರಿಂದ ನಾನು ಮುಟ್ಟಲಿಲ್ಲ. ಅಂಗಡಿಗಳ ವಿಷಯ ಬರೆಯುವುದಿಲ್ಲ. ಕೆಂಪು ಜಡೆಯ ಟೋಪಿಗೆ ಅಲ್ಲಿ ಹೇಳುವ ಬೆಲೆಯಲ್ಲಿ ನಮ್ಮಲ್ಲಿ ಒಂದು ನೂಲಿನ ಸೀರೆ ಬರುತ್ತದೆ.

ನಾನು ಒಳಗೆ ಹೋಗುವವರೆಗೂ ಇದು ನಮ್ಮ ನಗರಗಳ ವಿನೋದವನಗಳಂತೆ ಯಂತ್ರಗಳ ಸಂತೆಯಾಗಿರಬಹುದೆಂದು ಭಾವಿಸಿದ್ದೆ. ಹಾಗಿಲ್ಲ. ತಲೆಕೆಳಗಾಗಿ ತಿರುಗಿಸುವ ತೊಟ್ಟಿಲಿಲ್ಲ, ಆಕಾಶಕ್ಕೆಸೆಯುವ ಬಂಡಿಯಿಲ್ಲ, ಕಿವಿಗಡಚಿಕ್ಕುವ ವಾದ್ಯವಿಲ್ಲ. ಇರುವುದೆಲ್ಲ ಆಟ; ನಾಟಕವೆಂಬ ಅರ್ಥದಲ್ಲಿಯೂ ಆಟವೇ. ಪ್ರತಿಯೊಂದು ಮನೆಯ ಮುಂದೆಯೂ ಆ ಮನೆಯ ಕಥೆಯ ಪಾತ್ರಗಳು ನಿಜಜೀವನದಂತೆ ಓಡಾಡಿಕೊಂಡಿರುತ್ತವೆ. ವೇಷಧಾರಿಗಳು ಆಟ ಮುಗಿದ ಮೇಲೂ ವೇಷ ಬಿಡುವುದಿಲ್ಲ. ಮಕ್ಕಳು ಬಂದು ಪ್ರಶ್ನೆ ಕೇಳಿದರೆ ಪಾತ್ರವೇ ಉತ್ತರ ಕೊಡುತ್ತದೆ. ಬಯಲಾಟದ ಮಾರನೆಯ ಬೆಳಗ್ಗೆ ಬಣ್ಣ ತೊಳೆದ ಭೀಮ ಕಾಫಿ ಹೋಟೆಲಿನಲ್ಲಿ ಕುಳಿತಿದ್ದುದನ್ನು ಚಿಕ್ಕಂದಿನಲ್ಲಿ ಕಂಡು ನಾನು ಬಹಳ ನೊಂದುಕೊಂಡಿದ್ದೆ. ಇಲ್ಲಿ ಮಕ್ಕಳಿಗೆ ಆ ನೋವಿಲ್ಲ.

ವಿಮ್ಮರ್ಬಿ ಪಟ್ಟಣವನ್ನೇ ಕುಗ್ಗಿಸಿ ಕಟ್ಟಿದ ಒಂದು ಪುಟ್ಟ ಪೇಟೆಯಿದೆ. ಅದರ ಬೀದಿಯಲ್ಲಿ ನಿಂತರೆ ಸೂರು ನನ್ನ ತಲೆಯ ಸಮಕ್ಕೆ ಬಂತು. ಮಕ್ಕಳು ಅಲ್ಲಿ ದೊಡ್ಡವರಂತೆ ಬಾಗಿಲು ತೆರೆದು ಹೊಕ್ಕು ಹೊರಡುತ್ತಿದ್ದರು. ದೊಡ್ಡವರು ಕಿಟಕಿಯಲ್ಲಿ ಬಗ್ಗಿ ನೋಡುತ್ತಿದ್ದರು. ಯಾರು ಯಾರ ಮನೆಗೆ ಅತಿಥಿಗಳೆಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.

ಜನ ಹೆಚ್ಚಾಗಿ ನೆರೆಯುವುದು ಪಿಪ್ಪಿ ಎಂಬ ಹುಡುಗಿಯ ಮನೆಯ ಮುಂದೆ. ಈ ಪಿಪ್ಪಿ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. 1941ರಲ್ಲಿ ಲಿಂಡ್‌ಗ್ರೆನ್ನರ ಏಳು ವರ್ಷದ ಮಗಳು ಕಾಯಿಲೆ ಮಲಗಿದ್ದಾಗ, ಕಥೆ ಹೇಳೆಂದು ಪೀಡಿಸಿ, ಯಾವ ಕಥೆಯೆಂದು ತಾಯಿ ಕೇಳಲು, ಆ ಕ್ಷಣಕ್ಕೆ ಹೊಳೆದ ಹೆಸರೊಂದನ್ನು ಹೇಳಿಬಿಟ್ಟಳು: ಉದ್ದ ಕಾಲುಚೀಲದ ಪಿಪ್ಪಿ. ಹೆಸರು ವಿಚಿತ್ರ; ಆದುದರಿಂದ ಹುಡುಗಿಯೂ ವಿಚಿತ್ರಳಾದಳು. 1944ರಲ್ಲಿ ತಾಯಿ ಹಿಮದ ಮೇಲೆ ಜಾರಿ ಕಾಲು ಉಳುಕಿ ಮಲಗಬೇಕಾಗಿ ಬಂದಾಗ, ಹಿಂದೆ ಕಲಿತಿದ್ದ ಶೀಘ್ರಲಿಪಿಯಲ್ಲಿ ಆ ಕಥೆಗಳನ್ನು ಬರೆದಿಟ್ಟಳು. ಪ್ರಕಾಶಕರೊಬ್ಬರು ಹಸ್ತಪ್ರತಿಯನ್ನು ಹಿಂದಕ್ಕೆ ಕಳುಹಿಸಿದರು. ಇನ್ನೊಬ್ಬರು 1945ರಲ್ಲಿ ಅಚ್ಚುಹಾಕಿದರು. ಪಿಪ್ಪಿ ಕುದುರೆಯನ್ನು ಒಂದೇ ತೋಳಿನಲ್ಲಿ ಎತ್ತುವಳು, ಕೋತಿಯೊಡನೆ ಒಬ್ಬಳೇ ಮನೆ ನಡೆಸುವಳು, ಶಾಲೆಗೆ ಹೋಗಳು. ನಗುವಿನ ಕಥೆಯೇ ಸರಿ. ಆದರೆ ಗಮನಿಸಬೇಕಾದುದೊಂದಿದೆ. ಆಕೆಗೆ ತಾಯಿಯಿಲ್ಲ. ತಾಯಿ ಮೇಲಿನ ಲೋಕದ ಕಿಂಡಿಯಿಂದ ತನ್ನನ್ನು ನೋಡುತ್ತಿರುವಳೆಂದು ನಂಬಿ, ಆಗಾಗ ಆಕಾಶದತ್ತ ಕೈಬೀಸಿ, ತಾನು ಚೆನ್ನಾಗಿರುವೆನೆಂದು ಆ ಹುಡುಗಿಯೇ ತಾಯಿಗೆ ಧೈರ್ಯ ಹೇಳುತ್ತಾಳೆ. ರಂಗದ ಮೇಲೆ ಕೆಂಪು ಜಡೆಯ ಹುಡುಗಿ ಕುಣಿಯುತ್ತಿದ್ದಾಗ ಸುತ್ತಲಿನ ಮಕ್ಕಳೆಲ್ಲ ಹಾಡಿಗೆ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಪುಟ್ಟಿಯೂ ತಟ್ಟಿದಳು, ಆದರೆ ಸಂಕೋಚದಿಂದ. ತಾಯಿಯ ಮುಖವನ್ನು ನೋಡಿ ನೋಡಿ ತಟ್ಟಿದಳು.

ಎಮಿಲನ ಹಟ್ಟಿ ನನಗೆ ಎಲ್ಲಕ್ಕಿಂತ ಮೆಚ್ಚಿಕೆಯಾಯಿತು. ಕೊಟ್ಟಿಗೆ, ಕಣಜ, ಅಂಗಳದಲ್ಲಿ ಧ್ವಜಸ್ತಂಭ. ಈ ತುಂಟ ತನ್ನ ತಂಗಿಯನ್ನು ಬಾವುಟದಂತೆ ಆ ಕಂಬದ ತುದಿಗೆ ಏರಿಸಿದವನು. ಸಾರಿನ ಪಾತ್ರೆಯೊಳಗೆ ತಲೆ ಸಿಕ್ಕಿಸಿಕೊಂಡವನು. ತಪ್ಪು ಮಾಡಿದಾಗಲೆಲ್ಲ ಅಪ್ಪ ಅವನನ್ನು ಮರಗೆಲಸದ ಕೊಟ್ಟಿಗೆಯಲ್ಲಿ ಕೂಡಿ ಹಾಕುವನು. ಅವನು ಒಳಗೆ ಕುಳಿತು ಮರದ ಗೊಂಬೆಯೊಂದನ್ನು ಕೆತ್ತುವನು. ಆ ಕೊಟ್ಟಿಗೆಯಲ್ಲಿ ಸಾಲುಸಾಲಾಗಿ ಗೊಂಬೆಗಳು ನಿಂತಿವೆ. ಅಮ್ಮ ಅವನ ಚೇಷ್ಟೆಗಳನ್ನೆಲ್ಲ ನೀಲಿ ಪುಸ್ತಕಗಳಲ್ಲಿ ಬರೆದಿಡುವಳು. ಅವನೇ ಮುಂದೆ ಊರಿನ ಪಂಚಾಯತಿಗೆ ಅಧ್ಯಕ್ಷನಾಗುವನು. ನಮ್ಮ ಕೃಷ್ಣನ ಕಥೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯಪಡುವುದೇನೂ ಇಲ್ಲ. ಕೂಡಿ ಹಾಕುವುದಷ್ಟೇ, ಹೊಡೆತವಿಲ್ಲ ಎಂಬುದನ್ನೂ ನೋಡಬೇಕು. 1978ರಲ್ಲಿ ಜರ್ಮನಿಯ ಪುಸ್ತಕವ್ಯಾಪಾರಿಗಳ ಶಾಂತಿ ಪುರಸ್ಕಾರವನ್ನು ಪಡೆದಾಗ ಲಿಂಡ್‌ಗ್ರೆನ್ ಮಾಡಿದ ಭಾಷಣವೆಲ್ಲ ಮಕ್ಕಳನ್ನು ಹೊಡೆಯಬಾರದೆಂಬುದರ ಮೇಲೆಯೇ. ಮರುವರ್ಷ, 1979ರಲ್ಲಿ, ಸ್ವೀಡನ್ ಮನೆಯೊಳಗೂ ಮಕ್ಕಳಿಗೆ ಏಟು ಹಾಕಕೂಡದೆಂದು ಶಾಸನ ಮಾಡಿತು. ಲೋಕದಲ್ಲಿ ಅಂಥ ಶಾಸನ ಅದೇ ಮೊದಲು.

ಇಷ್ಟೊಂದು ನಗೆಯನ್ನು ಬರೆದಾಕೆ ಕಂಡ ದುಃಖ ಸಾಮಾನ್ಯವಲ್ಲ. ಹರೆಯದಲ್ಲಿ, ಮದುವೆಯಾಗದೆ ಬಸಿರಾಗಿ, ಊರು ಬಿಟ್ಟು, 1926ರಲ್ಲಿ ಕೋಪನ್‌ಹೇಗನ್ನಿನಲ್ಲಿ ಗಂಡುಮಗುವನ್ನು ಹೆತ್ತು, ಅದನ್ನು ಅಲ್ಲಿನ ಸಾಕುತಾಯಿಯೊಬ್ಬಳ ಕೈಯಲ್ಲಿಟ್ಟು ಸ್ಟಾಕ್‌ಹೋಮಿಗೆ ಹಿಂದಿರುಗಿದಳು. ಗುಮಾಸ್ತೆಯ ಸಂಬಳದಲ್ಲಿ ಹಣ ಉಳಿಸಿ ಉಳಿಸಿ, ರೈಲಿನಲ್ಲಿ ಹೋಗಿ ಮಗುವನ್ನು ನೋಡಿಬರುವಳು. ಮೂರು ವರ್ಷಗಳ ಮೇಲೆ ಮಗು ಆಕೆಯ ಬಳಿಗೆ ಬಂತು. ಆಕೆಯ ಪುಸ್ತಕಗಳಲ್ಲಿ ಒಂಟಿ ಮಕ್ಕಳು ಎಷ್ಟು ಮಂದಿ ಎಂಬುದನ್ನು ಎಣಿಸಿದರೆ ಈ ರೈಲುಗಾಡಿ ನೆನಪಿಗೆ ಬಾರದಿರದು.

ಮಧ್ಯಾಹ್ನ ಸಣ್ಣಗೆ ಮಳೆ ಹನಿಯಿತು. ಬುತ್ತಿ ಉಂಡು ಎದ್ದಾಗ ಪುಟ್ಟಿ, ‘ಈಗ ಸಿಂಹಹೃದಯದ ಅಣ್ಣತಮ್ಮಂದಿರ ಆಟ’ ಎಂದಳು. ಮಗಳ ಮುಖ ಸಪ್ಪಗಾಯಿತು. ‘ಅದು ಬೇಡ ಪುಟ್ಟಿ, ಹೆದರಿಕೆಯ ಕಥೆ, ಪಿಪ್ಪಿಯನ್ನೇ ಇನ್ನೊಂದು ಸಲ ನೋಡೋಣ’ ಎಂದಳು. ಮಗು ಹಟ ಮಾಡಲಿಲ್ಲ, ಅಳಲಿಲ್ಲ. ‘ಶಾಲೆಯಲ್ಲಿ ನಮ್ಮ ಉಪಾಧ್ಯಾಯಿನಿ ಪೂರ್ತಿ ಓದಿ ಹೇಳಿದ್ದಾರೆ. ನನಗೆ ಹೆದರಿಕೆಯಿಲ್ಲ’ ಎಂದು ಮುಂದೆ ನಡೆದಳು. ನಾವು ಹಿಂದೆ ಹೋದೆವು.

1973ರಲ್ಲಿ ಅಚ್ಚಾದ ಆ ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಕಾರ್ಲ್ ಎಂಬ ಹುಡುಗ ಕೆಮ್ಮಿನ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾನೆ. ಬದುಕುವುದಿಲ್ಲವೆಂದು ದೊಡ್ಡವರಾಡಿಕೊಂಡ ಮಾತು ಅವನ ಕಿವಿಗೆ ಬಿದ್ದಿದೆ. ಅಣ್ಣ ಯೋನಾಥನ್ ಅವನನ್ನು ಮುದ್ದಿನಿಂದ ‘ರಸ್ಕು’ ಎಂದು ಕರೆಯುವನು. ಸತ್ತ ಮೇಲೆ ನಂಗಿಯಾಲಾ ಎಂಬ ನಾಡಿಗೆ ಹೋಗುತ್ತೇವೆ, ಅಲ್ಲಿ ಇನ್ನೂ ಕಥೆಗಳ ಕಾಲ, ಬೆಂಕಿಯ ಸುತ್ತ ಕುಳಿತಿರುವ ಕಾಲ, ಎಂದು ಅಣ್ಣ ಹೇಳುತ್ತಾನೆ. ಆದರೆ ಮನೆಗೆ ಬೆಂಕಿ ಬಿದ್ದು, ತಮ್ಮನನ್ನು ಬೆನ್ನಿಗೆ ಹಾಕಿಕೊಂಡು ಕಿಟಕಿಯಿಂದ ಹಾರಿದ ಅಣ್ಣನೇ ಮೊದಲು ಸಾಯುತ್ತಾನೆ. ತಮ್ಮ ಆಮೇಲೆ ಅಲ್ಲಿಗೆ ಹೋಗಿ ಸೇರುತ್ತಾನೆ. ಆ ನಾಡಿನಲ್ಲೂ ಟೆಂಗಿಲನೆಂಬ ಕ್ರೂರ ದೊರೆಯೊಬ್ಬನಿದ್ದಾನೆ, ಯುದ್ಧವಿದೆ. ಪುಸ್ತಕ ಬಂದಾಗ ಸ್ವೀಡನ್ನಿನ ಕೆಲವು ವಿಮರ್ಶಕರು, ಮಕ್ಕಳಿಗೆ ಸಾವಿನ ಕಥೆಯೇ, ಅದೂ ಇಷ್ಟು ಹಿತವಾಗಿಯೇ ಎಂದು ಆಕ್ಷೇಪಿಸಿದರು. ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ, ಕಥೆಯ ಕೊನೆಯನ್ನು ನಾನೂ ಎದೆ ಗಟ್ಟಿಮಾಡಿಕೊಂಡೇ ಓದಿದೆ. ಆದರೆ ಮನೆಯಲ್ಲಿ ಸಾವು ನಡೆದಿರುವಾಗ ಮಗುವಿಗೆ ಅದರ ಕಥೆ ಬೇಡವೆನ್ನುವುದು ಹೇಗೆ? ಕಥೆಯಿಲ್ಲದಿದ್ದರೆ ಸಾವು ಮಾತ್ರ ಉಳಿಯುತ್ತದೆ.

ಬಯಲಿನಲ್ಲಿ ಆಟ ನಡೆಯಿತು. ಕಪ್ಪು ಉಡುಪಿನ ಸೈನಿಕರು ಬಂದಾಗ ಮುಂದಿನ ಸಾಲಿನ ಚಿಕ್ಕ ಮಕ್ಕಳು ತಾಯಂದಿರ ಮಡಿಲಿಗೆ ಏರಿದರು. ಮಾತು ನನಗೆ ತಿಳಿಯಲಿಲ್ಲ. ತಮ್ಮನ ಪಾತ್ರದ ಹುಡುಗ ಅಣ್ಣನ ಕೊರಳಿಗೆ ಜೋತುಬಿದ್ದುದಕ್ಕೆ ಮಾತು ಬೇಕಿರಲಿಲ್ಲ. ಆಟ ಮುಗಿಯುತ್ತಿದ್ದಂತೆ ಮಗಳು, ‘ಕಾಫಿ ತರುತ್ತೇನೆ’ ಎಂದು ಬೇಗ ಎದ್ದು ಹೋದಳು. ಜನ ಕರಗಿತು. ಒದ್ದೆ ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ಪುಟ್ಟಿ ನನ್ನ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಹಳ ದಿನಗಳ ಮೇಲೆ ಕನ್ನಡದಲ್ಲಿ ಕೇಳಿದಳು:

‘ಅಜ್ಜಿ, ತಾತ ನಂಗಿಯಾಲಾಗೆ ಹೋದರಾ?’

ನಾನು ಆಕೆಯ ತಾಯಿಯ ದಾರಿ ನೋಡಿದೆ. ಕಾಣಲಿಲ್ಲ. ಕಟ್ಟಳೆ ತಾತನ ಮಾತನ್ನು ನಾನು ಎತ್ತಕೂಡದೆಂದಷ್ಟೆ. ಮಗುವೇ ಎತ್ತಿದರೆ ಸುಳ್ಳು ಹೇಳೆಂದು ಯಾರೂ ವಿಧಿಸಿರಲಿಲ್ಲ. ‘ತಾತ ತೀರಿಕೊಂಡರು, ಪುಟ್ಟಿ’ ಎಂದೆ.

‘ಗೊತ್ತು’ ಎಂದಳು. ‘ಅಮ್ಮ ಫೋನಿನಲ್ಲಿ ಅತ್ತಾಗಲೇ ಗೊತ್ತಾಯಿತು. ಅಮ್ಮನಿಗೆ ಹೇಳಬೇಡ. ನನಗೆ ಗೊತ್ತೆಂದು ಗೊತ್ತಾದರೆ ಇನ್ನೂ ಅಳುತ್ತಾಳೆ.’

ಐದು ತಿಂಗಳು ಆ ಎಂಟು ವರ್ಷದ ಜೀವ ತಾಯಿಯನ್ನು ಹೀಗೆ ಕಾಯುತ್ತಿತ್ತು! ಕಥೆ ಬೇಡವೆಂದದ್ದು ಏಕೆ, ಕನ್ನಡ ಬೇಡವೆಂದದ್ದು ಏಕೆ ಎಂಬುದು ನನಗೆ ಆಗ ತಿಳಿಯಿತು. ಬಾಯಿ ತೆರೆದರೆ ಎಲ್ಲಿ ತಾತನ ಹೆಸರು ಬಂದುಬಿಡುವುದೋ ಎಂದು ಬಾಯನ್ನೇ ಬೇರೆ ಭಾಷೆಯಲ್ಲಿ ಇಟ್ಟುಕೊಂಡಿದ್ದಳು. ಹಿಂದೆ ಹೆಜ್ಜೆಯ ಸದ್ದಾಯಿತು. ಮಗಳು ಎರಡು ಕೈಯಲ್ಲೂ ಕಾಫಿಯ ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಕಾಣೆ. ಲೋಟಗಳನ್ನು ಬೆಂಚಿನ ಮೇಲಿಟ್ಟು ಮಗುವನ್ನು ತಬ್ಬಿಕೊಂಡು ಅತ್ತಳು, ಮಗುವೂ ಅತ್ತಿತು. ನಾನು ಎರಡು ಲೋಟದ ಕಾಫಿಯನ್ನೂ ಕುಡಿದೆ. ಬೇರೆ ಏನು ಮಾಡಬೇಕೆಂದು ನನಗೆ ತೋಚಲಿಲ್ಲ, ಅದೂ ಆರಿಹೋಗುತ್ತಿತ್ತು.

ರೈಲಿಗೆ ಇನ್ನೂ ಸಮಯವಿತ್ತು. ಊರೊಳಗಿನ ಸ್ಮಶಾನಕ್ಕೆ ಹೋಗೋಣವೆಂದು ಪುಟ್ಟಿಯೇ ಹೇಳಿದಳು. ಈ ಸಲ ತಾಯಿ ಬೇಡವೆನ್ನಲಿಲ್ಲ. ಲಿಂಡ್‌ಗ್ರೆನ್ 2002ರ ಜನವರಿ 28ರಂದು ತೊಂಬತ್ತನಾಲ್ಕು ವರ್ಷದವಳಾಗಿ ಸ್ಟಾಕ್‌ಹೋಮಿನಲ್ಲಿ ತೀರಿಕೊಂಡಳು. ಮಣ್ಣು ಮಾಡಿದ್ದು ಇಲ್ಲಿ, ಹುಟ್ಟಿದ ಊರಿನಲ್ಲಿ. ಸಾದಾ ಕಲ್ಲು, ಆಡಂಬರವಿಲ್ಲ. ಅದೇ ಸ್ಮಶಾನದಲ್ಲಿ ಒಂದು ಹಳೆಯ ಕಬ್ಬಿಣದ ಶಿಲುಬೆಯಿದೆ. 1860ರಲ್ಲಿ ಸತ್ತ ಇಬ್ಬರು ಎಳೆಯ ಅಣ್ಣತಮ್ಮಂದಿರ ಹೆಸರು ಅದರ ಮೇಲಿದೆ. ಅದನ್ನು ಕಂಡಾಗಲೇ, ಮುಂದೆ ಬರೆಯುವ ಕಥೆ ಸಾವಿನದು, ಇಬ್ಬರು ಸೋದರರದು ಎಂದು ತನಗೆ ಹೊಳೆಯಿತೆಂದು ಆಕೆ ಹೇಳಿಕೊಂಡಿದ್ದಳು. ವೃದ್ಧಾಪ್ಯದಲ್ಲಿ ಆಕೆಯೂ ಸೋದರಿಯರೂ ದೂರವಾಣಿಯಲ್ಲಿ ಮಾತಿಗೆ ತೊಡಗುವಾಗ ಮೊದಲು ‘ಸಾವು, ಸಾವು’ ಎಂದು ಹೇಳಿ, ಆ ವಿಷಯವನ್ನು ಮುಗಿಸಿಕೊಂಡು, ಅನಂತರ ಲೋಕಾಭಿರಾಮಕ್ಕೆ ಇಳಿಯುತ್ತಿದ್ದರಂತೆ. ಮಗಳು ಇದನ್ನು ಹೇಳಿದಾಗ ಮೂವರಿಗೂ ನಗು ಬಂತು.

‘ತಾತನಿಗೆ ಇಂಥ ಕಲ್ಲು ಇದೆಯಾ?’ ಎಂದು ಮಗು ಕೇಳಿತು. ಇಲ್ಲವೆಂದೂ, ಅಸ್ಥಿಯನ್ನು ಶ್ರೀರಂಗಪಟ್ಟಣದ ಬಳಿ ಪಶ್ಚಿಮವಾಹಿನಿಯಲ್ಲಿ ಕಾವೇರಿಗೆ ಬಿಟ್ಟೆವೆಂದೂ ಹೇಳಿದೆ. ಪುಟ್ಟಿ ಸ್ವಲ್ಪ ಯೋಚಿಸಿ, ‘ನಂಗಿಯಾಲಾದಲ್ಲೂ ನದಿಯಿದೆ’ ಎಂದಳು. ನಾನು ಶಾಸ್ತ್ರದ ಮಾತೆತ್ತಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಹೊತ್ತು ಎಂಟಾದರೂ ಬಿಸಿಲಿತ್ತು. ತಾತ ಕಡೆಯ ರಾತ್ರಿ ಹೇಳಿದ ಕಥೆ ಅರ್ಧಕ್ಕೇ ನಿಂತಿತ್ತೆಂದೂ, ನರಿ ಬಾವಿಗೆ ಬಿದ್ದಿತ್ತೆಂದೂ, ಆಮೇಲೇನಾಯಿತೆಂದೂ ಮಗು ನನ್ನನ್ನು ಕೇಳಿತು. ಯಜಮಾನರ ಕಥೆಗಳು ನನಗೆ ಬಾರವು. ಅವರು ಕಥೆ ಹೇಳುವ ಹೊತ್ತಿನಲ್ಲಿ ನಾನು ಅಡಿಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಿದ್ದೆ. ಎದುರಿಗೆ ಕುಳಿತಿದ್ದ ಮಗಳು, ‘ನನಗೆ ಗೊತ್ತು, ನನಗೂ ಅದನ್ನೇ ಹೇಳುತ್ತಿದ್ದರು’ ಎಂದಳು. ಮಗು ಎದ್ದು ಹೋಗಿ ಅವಳ ಪಕ್ಕದಲ್ಲಿ ಕುಳಿತಿತು. ಅವಳು ಅಪ್ಪನ ಹಾಗೆಯೇ, ನರಿಯ ಮಾತಿಗೊಂದು ದನಿ, ಆಡಿನ ಮಾತಿಗೊಂದು ದನಿ ತೆಗೆದು, ನಡುನಡುವೆ ಅವರಂತೆಯೇ ಕೆಮ್ಮಿ, ಕಥೆಯನ್ನು ಮೊದಲಿನಿಂದ ಹೇಳತೊಡಗಿದಳು. ಹಾದುಹೋಗುತ್ತಿದ್ದ ಟಿಕೆಟ್ ನೋಡುವಾತ ಸ್ವಲ್ಪ ಹೊತ್ತು ನಿಂತು ಕೇಳಿ ಹೋದ. ಗಾಡಿ ಲಿನ್ಶೋಪಿಂಗನ್ನು ತಲುಪಿದಾಗ ನರಿ ಇನ್ನೂ ಬಾವಿಯೊಳಗೇ ಇತ್ತು.